ವಾಚನಾಲಯದಲ್ಲಿ ಲಿನಕ್ಸ್

ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ತರುವಾಯ ನಾನು ಕೆಲವು ವರ್ಷಗಳ ಕಾಲ ಮೈಸೂರಿನ ಒಂದು ಬಡಾವಣೆಯ ವಾಚನಾಲಯದ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದೆನು. ಬಡಾವಣೆಯ ಹಿರಿಯರು ತಮ್ಮ ಉತ್ಸಾಹವೊಂದನ್ನೇ ಬಂಡವಾಳವಾಗಿಟ್ಟು ಕಟ್ಟಿದ ಸಂಸ್ಥೆ ಅದು. ಸದಸ್ಯರ ಚಂದಾಹಣದಿಂದ ದಿನಪತ್ರಿಕೆಗಳನ್ನೂ ವಾರಪತ್ರಿಕೆಗಳನ್ನೂ ತರಿಸುವುದು, ದಾನವಾಗಿ ಬಂದ ಕಾದಂಬರಿಗಳಿಗೆ ರಟ್ಟು ಕಟ್ಟಿಸಿ ಬೀರುವಿನಲ್ಲಿ ಜೋಡಿಸುವುದು, ಸಂಜೆಯ ಹೊತ್ತು ದೀಪ ಹಾಕಿ ಬಾಗಿಲು ತೆರೆದಿಡುವುದು, ಇಷ್ಟೇ ಅದರ ವ್ಯವಹಾರವಾಗಿದ್ದಿತು. ೨೦೦೮ರ ಸುಮಾರಿನಲ್ಲಿ ಒಂದು ಕಚೇರಿಯವರು ತಾವು ಬಳಸಿ ಬಿಟ್ಟ ಕೆಲವು ಕಂಪ್ಯೂಟರುಗಳನ್ನು ನಮಗೆ ಕೊಟ್ಟುದರಿಂದ ಈ ಸರಳವಾದ ವ್ಯವಹಾರಕ್ಕೆ ಒಂದು ಹೊಸ ಉಪಾಧಿ ಬಂದು ಸೇರಿತು. ಆ ಉಪಾಧಿಯ ನಿಮಿತ್ತವಾಗಿ ಮನುಷ್ಯನ ಅಭ್ಯಾಸಬಲದ ವಿಷಯದಲ್ಲಿ ನಾನು ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿಡುವುದು ನನ್ನ ಉದ್ದೇಶ.

ಯಂತ್ರಗಳು ಬಂದಾಗ ಅವುಗಳಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದಿತು. ಅದರ ಪರವಾನಗಿಯ ಕಾಗದಪತ್ರಗಳು ಯಾರ ಬಳಿಯೂ ಇರಲಿಲ್ಲ. ಆ ಕಾಲದಲ್ಲಿ ಊರಿನ ಎಷ್ಟೋ ಯಂತ್ರಗಳ ಸ್ಥಿತಿ ಅದೇ ಆಗಿದ್ದುದರಿಂದ ಅದನ್ನು ಯಾರೂ ಲೋಪವೆಂದು ಎಣಿಸುತ್ತಲೂ ಇರಲಿಲ್ಲ. ಆದರೆ ವಾಚನಾಲಯಕ್ಕೆ ಬರುವ ಹುಡುಗರ ಪೆನ್‌ಡ್ರೈವುಗಳಿಂದ ಇಳಿದ ವೈರಸ್ಸುಗಳು ಅವುಗಳನ್ನು ಎಷ್ಟರ ಮಟ್ಟಿಗೆ ಆವರಿಸಿದುವೆಂದರೆ, ಸ್ವಿಚ್ಚು ಹಾಕಿ ಕಾಫಿ ಕುಡಿದು ಬಂದರೂ ಪರದೆ ಸಿದ್ಧವಾಗಿರುತ್ತಿರಲಿಲ್ಲ. ಸದಸ್ಯರೊಬ್ಬರ ಮಗ, ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ, ಒಂದು ಸಂಜೆ ರಟ್ಟಿನ ಲಕೋಟೆಯಲ್ಲಿದ್ದ ಒಂದು ಸಿ.ಡಿ.ಯನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಇದು ಪುಕ್ಕಟೆ, ವೈರಸ್ ಕಾಟ ಇಲ್ಲ, ಕಾನೂನಿನ ಭಯಾನೂ ಇಲ್ಲ" ಎಂದನು. ಅದು ಉಬುಂಟು, ಲಿನಕ್ಸಿನ ಒಂದು ವಿತರಣೆ. ಆ ವರ್ಷಗಳಲ್ಲಿ ಕೇಳಿದವರಿಗೆಲ್ಲ ಆ ಸಿ.ಡಿ.ಗಳನ್ನು ಅಂಚೆಯ ವೆಚ್ಚವನ್ನೂ ಕೇಳದೆ ಪರದೇಶದಿಂದ ಕಳುಹಿಸಿಕೊಡುವ ಏರ್ಪಾಡು ಇದ್ದಿತು. ೨೦೧೧ರಲ್ಲಿ ಅದು ನಿಂತಿತು. ಪುಕ್ಕಟೆಯೆಂಬ ಮಾತಿಗಿಂತ ಕಾನೂನಿನ ಮಾತು ನನ್ನನ್ನು ಹೆಚ್ಚಾಗಿ ಆಕರ್ಷಿಸಿತು. ಪುಸ್ತಕಗಳನ್ನು ಗೌರವಿಸುವುದಕ್ಕಾಗಿ ಇರುವ ಒಂದು ಸಂಸ್ಥೆಯಲ್ಲಿ ಕದ್ದ ತಂತ್ರಾಂಶವಿರುವುದು ಅಸಂಗತವೆಂದು ನನಗೆ ಮೊದಲಿನಿಂದಲೂ ತೋರುತ್ತಿದ್ದಿತು.

ಲಿನಕ್ಸ್ ಹುಟ್ಟಿದ ಬಗೆಯನ್ನು ಓದುಗರಲ್ಲಿ ಹಲವರು ಬಲ್ಲರು. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು, ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಿಕೊಳ್ಳಬಹುದಾದ ಒಂದು ಸಮಗ್ರ ವ್ಯವಸ್ಥೆಯನ್ನು ಕಟ್ಟುವೆನೆಂದು ಗ್ನೂ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆ ವ್ಯವಸ್ಥೆಗೆ ಕೊರತೆಯಾಗಿದ್ದ ಕರ್ನಲ್ ಎಂಬ ತಿರುಳನ್ನು ಬರೆದು ಲೋಕದ ಮುಂದಿಟ್ಟರು. ಅನಂತರ ಸಾವಿರಾರು ಮಂದಿ, ಮೊದಮೊದಲು ಬಹುಪಾಲು ತಮ್ಮ ಬಿಡುವಿನ ವೇಳೆಯಲ್ಲಿ, ಅದನ್ನು ಬೆಳೆಯಿಸಿದರು. ಈ ಇತಿಹಾಸದಲ್ಲಿ ನಮ್ಮ ಪ್ರಸ್ತುತಕ್ಕೆ ಬೇಕಾದ ಅಂಶ ಒಂದೇ: ಅದನ್ನು ಕಟ್ಟಿದವರೂ ಅದನ್ನು ಬಳಸಿದವರೂ ದೀರ್ಘಕಾಲ ಒಂದೇ ಜನವಾಗಿದ್ದರು. ಯಾವುದು ಅವರಿಗೆ ಸ್ವಯಂವೇದ್ಯವಾಗಿದ್ದಿತೋ ಅದನ್ನು ಇನ್ನೊಬ್ಬರಿಗೆ ವಿವರಿಸಬೇಕಾದ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ನಮ್ಮ ವಾಚನಾಲಯದಲ್ಲಿ ಉದ್ಭವಿಸಿದ ಕಷ್ಟಗಳಲ್ಲಿ ಹಲವಕ್ಕೆ ಮೂಲ ಇಲ್ಲಿದ್ದಿತೆಂದು ನಾನು ಈಗ ಭಾವಿಸುತ್ತೇನೆ.

ಸ್ಥಾಪನೆಯ ಕಾರ್ಯ ನಿರಾಯಾಸವಾಗಿ ನಡೆಯಿತು. ಹುಡುಗನು ಸಿ.ಡಿ.ಯನ್ನು ಹಾಕಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋದನು. ಒಂದು ಗಂಟೆಯೊಳಗೆ ಕಂದುಬಣ್ಣದ ಪರದೆಯೊಂದು ಕಾಣಿಸಿಕೊಂಡಿತು. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ. ಮೇಲಿನ ಪಟ್ಟಿಯ ಎಡತುದಿಯಲ್ಲಿ ಮೂರು ಮೆನುಗಳು. ನೋಡುವುದಕ್ಕೆ ಅದರಲ್ಲಿ ಭಯಪಡುವಂಥದೇನೂ ಇರಲಿಲ್ಲ. ಹುಡುಗನು ಸಂತೋಷದಿಂದ ಮನೆಗೆ ಹೋದನು, ಪರೀಕ್ಷೆಗಳು ಬಂದುದರಿಂದ ಬಹುದಿನ ಈ ಕಡೆ ತಲೆಹಾಕಲಿಲ್ಲ. ಲಿನಕ್ಸಿಗೆ ಹೊಸಬರಾಗಿ ಬಂದವರ ಕಥೆಯೆಲ್ಲ ಪ್ರಾರಂಭವಾಗುವುದು ಹೀಗೆ, ಹಾಕಿಕೊಟ್ಟವನು ಬಾಗಿಲು ದಾಟಿದ ಮೇಲೆ.

ವಾಚನಾಲಯದ ಗುಮಾಸ್ತಿಕೆಯನ್ನು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ಮರುದಿನ ಕೇಳಿದ ಮೊದಲ ಪ್ರಶ್ನೆ, "ಸಾರ್, ಡಿ ಡ್ರೈವ್ ಎಲ್ಲಿ?" ಎಂಬುದು. ಸದಸ್ಯರ ಪಟ್ಟಿ ಡಿ ಡ್ರೈವಿನಲ್ಲಿರುತ್ತದೆ, ಸಿ ಡ್ರೈವಿನಲ್ಲಿಟ್ಟರೆ ಯಂತ್ರವನ್ನು ಫಾರ್ಮ್ಯಾಟ್ ಮಾಡಿದಾಗ ಹೋಗುತ್ತದೆ ಎಂದು ರಿಪೇರಿಯ ಅಂಗಡಿಯವರು ಆಕೆಗೆ ಕಲಿಸಿದ್ದರು. ಆಕೆ ಅದನ್ನು ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದಳು. ಫ್ಲಾಪಿಗಳ ಕಾಲದಲ್ಲಿ ಎ ಮತ್ತು ಬಿ ಎಂಬ ಅಕ್ಷರಗಳು ಅವುಗಳಿಗೆ ಮೀಸಲಾಗಿದ್ದುದರಿಂದ ಹಾರ್ಡ್‌ಡಿಸ್ಕಿಗೆ ಸಿ ಎಂಬುದು ಉಳಿಯಿತೆಂಬ ಇತಿಹಾಸವಾಗಲಿ, ಲಿನಕ್ಸ್ ಅನುಸರಿಸುವ ಯೂನಿಕ್ಸ್ ಸಂಪ್ರದಾಯದಲ್ಲಿ ಇಂಥ ಅಕ್ಷರಗಳೇ ಇಲ್ಲದೆ ಎಲ್ಲ ಡಿಸ್ಕುಗಳೂ ಒಂದೇ ಬೇರಿನಿಂದ ಹೊರಟ ಕೊಂಬೆಗಳಾಗಿ ತೋರುತ್ತವೆಂಬ ತತ್ತ್ವವಾಗಲಿ ಆಕೆಗೆ ಪ್ರಯೋಜನವಿರಲಿಲ್ಲ. ತನ್ನ ಪಟ್ಟಿ ಎಲ್ಲಿದೆ, ನಾಳೆಯೂ ಅಲ್ಲಿಯೇ ಇರುವುದೇ, ಇಷ್ಟೇ ಆಕೆಯ ಜಿಜ್ಞಾಸೆ. ಆ ಪ್ರಶ್ನೆಗೆ ಪರದೆಯ ಮೇಲೆ ಎಲ್ಲಿಯೂ ಉತ್ತರವಿರಲಿಲ್ಲ.

ಎರಡನೆಯದು ಪಾಸ್‌ವರ್ಡಿನ ಪ್ರಸಂಗ. ಯಾವುದೋ ಒಂದು ತಂತ್ರಾಂಶವನ್ನು ಹಾಕಿಕೊಳ್ಳಲು ಹುಡುಗನು ಒಂದು ಸಾಲಿನ ಆಜ್ಞೆಯನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದನು. ಲಿನಕ್ಸ್ ಬಲ್ಲವರ ಪದ್ಧತಿಯೇ ಅದು. ಯಾವ ಮೆನುವಿನಲ್ಲಿ ಯಾವ ಗುಂಡಿಯನ್ನು ಒತ್ತಬೇಕೆಂದು ವಿವರಿಸುವುದಕ್ಕಿಂತ ಒಂದು ಸಾಲನ್ನು ಬರೆದುಕೊಡುವುದು ಹೇಳುವವನಿಗೆ ಸುಲಭ, ಯಾವ ಆವೃತ್ತಿಯಲ್ಲಾದರೂ ಅದು ನಡೆಯುತ್ತದೆ. ಆಕೆ ಕಪ್ಪು ಕಿಟಕಿಯನ್ನು ತೆರೆದು, ಅಕ್ಷರ ಅಕ್ಷರವಾಗಿ ಚೀಟಿಯನ್ನು ನೋಡಿ ಹೊಡೆದು, ಪಾಸ್‌ವರ್ಡ್ ಕೇಳಿದಾಗ ಅದನ್ನೂ ಹೊಡೆಯತೊಡಗಿದಳು. ಪರದೆಯ ಮೇಲೆ ಏನೂ ಬೀಳಲಿಲ್ಲ. ಅಕ್ಷರಗಳಿರಲಿ, ಚುಕ್ಕೆಗಳೂ ಇಲ್ಲ, ಕರ್ಸರು ಕೂಡ ಕದಲಲಿಲ್ಲ. ಆಕೆ ಕೀಬೋರ್ಡಿನ ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿ, ಕೀಲಿಗಳನ್ನು ಬಲವಾಗಿ ಒತ್ತಿ ನೋಡಿ, ಕೊನೆಗೆ ನನ್ನನ್ನು ಕರೆದಳು.

"ಸಾರ್, ಕೀಬೋರ್ಡ್ ಕೆಟ್ಟೋಗಿದೆ. ಒಂದಕ್ಷರಾನೂ ಬೀಳ್ತಿಲ್ಲ."

"ಬೀಳ್ತಾನೇ ಇದೆಯಮ್ಮಾ, ಕಾಣೋದಿಲ್ಲ ಅಷ್ಟೆ. ಪೂರ್ತಿ ಹೊಡೆದು ಎಂಟರ್ ಒತ್ತು."

"ಕಾಣದೇ ಇದ್ರೆ ಸರಿಯಾಗಿ ಹೊಡೆದ್ನೋ ಇಲ್ಲವೋ ನನಗೆ ಹೇಗೆ ಗೊತ್ತಾಗ್ಬೇಕು ಸಾರ್?"

ಈ ಪ್ರಶ್ನೆಗೆ ಸಮಂಜಸವಾದ ಉತ್ತರ ನನ್ನಲ್ಲಿರಲಿಲ್ಲ, ಇಂದಿಗೂ ಇಲ್ಲ. ಹಿಂದೆ ನಿಂತು ನೋಡುವವನಿಗೆ ಪಾಸ್‌ವರ್ಡಿನ ಉದ್ದವೂ ತಿಳಿಯಬಾರದೆಂಬುದು ಯೂನಿಕ್ಸಿನ ಹಳೆಯ ಎಚ್ಚರಿಕೆ; ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದ ವಿಶ್ವವಿದ್ಯಾನಿಲಯಗಳಲ್ಲಿ ಅದು ವಿವೇಕವೇ ಆಗಿದ್ದಿರಬೇಕು. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಕುಳಿತ ಹೆಣ್ಣುಮಗಳಿಗೆ ಆ ಎಚ್ಚರಿಕೆಯಿಂದ ದೊರೆತುದು ದಿಗ್ಭ್ರಮೆಯೊಂದೇ. ಮುಂದೆ ಲಿನಕ್ಸ್ ಮಿಂಟ್ ಎಂಬ ವಿತರಣೆಯವರು ಹೊಡೆದ ಪ್ರತಿಯೊಂದು ಅಕ್ಷರಕ್ಕೂ ಒಂದು ನಕ್ಷತ್ರ ಕಾಣುವಂತೆ ಏರ್ಪಡಿಸಿದರು. ಅದಕ್ಕೆ ಬೇಕಾದುದು ವ್ಯವಸ್ಥೆಯ ಒಂದು ಕಡತದಲ್ಲಿ ಒಂದೇ ಒಂದು ಸಾಲು. ಅಷ್ಟು ಸಣ್ಣ ಪರಿಹಾರವನ್ನು ಕೊಡಲು ಯಾರಿಗೂ ತಾಂತ್ರಿಕವಾದ ಅಡ್ಡಿಯಿರಲಿಲ್ಲ; ಕೊಡಬೇಕೆಂದು ತೋಚುವುದಕ್ಕೆ ಮಾತ್ರ ಹೊಸಬರ ಪಕ್ಕದಲ್ಲಿ ಕುಳಿತ ಅನುಭವ ಬೇಕಾಗಿದ್ದಿತು.

ಸಂಗೀತದ ವಿಷಯ ಇನ್ನೂ ವಿಚಿತ್ರವಾಗಿದ್ದಿತು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಹಿರಿಯರೊಬ್ಬರು ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದ ಎಂಪಿ೩ ಸಿ.ಡಿ.ಯನ್ನು ತಂದು, ಯಾರೂ ಇಲ್ಲದ ಮಧ್ಯಾಹ್ನದ ವೇಳೆಯಲ್ಲಿ ಕೇಳಬೇಕೆಂದು ಕುಳಿತರು. ಹಾಡಿನ ಬದಲು ಪರದೆಯ ಮೇಲೆ ಒಂದು ಎಚ್ಚರಿಕೆ ಬಂದಿತು: ಇದನ್ನು ನುಡಿಸಲು ಬೇಕಾದ ತಂತ್ರಾಂಶ ಇಲ್ಲಿಲ್ಲ, ಹುಡುಕಿ ಹಾಕಿಕೊಳ್ಳಬಹುದು, ಆದರೆ ಕೆಲವು ದೇಶಗಳಲ್ಲಿ ಅದು ಕಾನೂನಿಗೆ ಸಮ್ಮತವಲ್ಲದಿರಬಹುದು. ಎಂಪಿ೩ ವಿಧಾನದ ಪೇಟೆಂಟುಗಳು ಆಗ ಜರ್ಮನಿಯ ಒಂದು ಸಂಶೋಧನಾಸಂಸ್ಥೆಯವರ ಮತ್ತು ಇತರ ಕೆಲವರ ಕೈಯಲ್ಲಿದ್ದುದರಿಂದ, ಪುಕ್ಕಟೆಯಾಗಿ ಹಂಚುವ ವ್ಯವಸ್ಥೆಗಳು ಅದನ್ನು ಒಳಗೊಳ್ಳಲು ಹಿಂಜರಿಯುತ್ತಿದ್ದುವು. ಇದನ್ನು ನಾನು ಆ ಹಿರಿಯರಿಗೆ ಸಾವಧಾನವಾಗಿ ವಿವರಿಸಿದೆನು. ಅವರು ಕೊನೆಯವರೆಗೂ ಕೇಳಿ, "ಹಾಡು ನಮ್ಮ ಮನ್ಸೂರರದ್ದು, ಸಿ.ಡಿ. ನಾನು ದುಡ್ಡು ಕೊಟ್ಟು ತಂದದ್ದು, ಪೆಟ್ಟಿಗೆ ವಾಚನಾಲಯದ್ದು. ಮಧ್ಯೆ ಜರ್ಮನಿಯೋರು ಯಾಕೆ ಬಂದ್ರು ಮೇಷ್ಟ್ರೇ?" ಎಂದರು. ೨೦೧೭ರಲ್ಲಿ ಆ ಪರವಾನಗಿಯ ವ್ಯವಹಾರವೇ ಕೊನೆಗೊಂಡು ಜರ್ಮನಿಯವರು ಮಧ್ಯದಿಂದ ಸರಿದರು. ಅಷ್ಟರಲ್ಲಿ ಆ ಹಿರಿಯರು ಮೊಬೈಲಿನಲ್ಲಿ ಹಾಡು ಕೇಳುವುದನ್ನು ರೂಢಿ ಮಾಡಿಕೊಂಡಿದ್ದರು.

ಇವೆಲ್ಲವೂ ಲೋಕದಲ್ಲೆಲ್ಲ ಹೊಸಬರಿಗೆ ಬಂದ ಕಷ್ಟಗಳು. ಕನ್ನಡಿಗರಿಗೆ ವಿಶೇಷವಾಗಿ ಬಂದ ಕಷ್ಟ ಮತ್ತೊಂದಿದ್ದಿತು. ಅದರ ಆಳವನ್ನು ಹೊರಗಿನವರು ಊಹಿಸಲಾರರು. ಅಂದಿನ ದಿನಗಳಲ್ಲಿ ಕನ್ನಡವನ್ನು ಕಂಪ್ಯೂಟರಿನಲ್ಲಿ ಬರೆದವರು ಬರೆದುದು ಪ್ರಧಾನವಾಗಿ ನುಡಿ ಅಥವಾ ಬರಹ ತಂತ್ರಾಂಶದಲ್ಲಿ. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತದಲ್ಲಿ ೧೯೯೧ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ಅದನ್ನು ಸರಿಯಾಗಿ ತೋರಿಸಬಲ್ಲ ಯಂತ್ರಗಳು ಬಹುಕಾಲ ನಮ್ಮಲ್ಲಿರಲಿಲ್ಲ. ಆದುದರಿಂದ ಆ ತಂತ್ರಾಂಶಗಳು ಒಂದು ಉಪಾಯವನ್ನು ಹಿಡಿದುವು. ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಮನೆಗಳಲ್ಲಿಯೇ ಕನ್ನಡದ ಗೆರೆಗಳನ್ನು, ಅಕ್ಷರದ ತಲೆಕಟ್ಟನ್ನು, ದೀರ್ಘದ ಕೊಂಬನ್ನು, ಒತ್ತನ್ನು ಬೇರೆ ಬೇರೆಯಾಗಿ ಕೂರಿಸಿದುವು. ಆ ಫಾಂಟು ಇರುವವರೆಗೆ ಕಣ್ಣಿಗೆ ಕನ್ನಡ. ಫಾಂಟು ಇಲ್ಲವಾದೊಡನೆ ರೋಮನ್ ಅಕ್ಷರಗಳ ಮೇಲೆ ಚುಕ್ಕಿ, ಬಾಲ, ಟೋಪಿಗಳನ್ನಿಟ್ಟುಕೊಂಡ ಅರ್ಥಹೀನ ಸಾಲುಗಳು. ಬೇರೆ ದಾರಿಯಿಲ್ಲದಿದ್ದ ಕಾಲದಲ್ಲಿ ಆ ಉಪಾಯ ಕನ್ನಡಕ್ಕೆ ಮಾಡಿದ ಉಪಕಾರ ಅಪಾರವಾದುದು. ಆದರೆ ಅದರ ಸಾಲವನ್ನು ತೀರಿಸಬೇಕಾದವರು ಲಿನಕ್ಸಿಗೆ ಬಂದವರು.

ವಾಚನಾಲಯದ ಪುಸ್ತಕಸೂಚಿ, ವಾರ್ಷಿಕ ವರದಿ, ಚಂದಾದಾರರಿಗೆ ಬರೆದ ಪತ್ರಗಳು ಎಲ್ಲವೂ ನುಡಿಯಲ್ಲಿದ್ದುವು. ಹೊಸ ವ್ಯವಸ್ಥೆಯಲ್ಲಿ ಅವನ್ನು ತೆರೆದಾಗ ನಮ್ಮ ಕಾರ್ಯದರ್ಶಿಗಳು ಹೌಹಾರಿ, ವರದಿಯೆಲ್ಲ ನಾಶವಾಯಿತೆಂದು ತಿಳಿದರು. ಫಾಂಟನ್ನು ತಂದು ಹಾಕಿದ ಮೇಲೆ ಅಕ್ಷರಗಳು ಕಂಡುವು, ತಿದ್ದುವುದಕ್ಕೆ ಮಾತ್ರ ಸಾಧ್ಯವಾಗಲಿಲ್ಲ. ಏಕೆಂದರೆ ಕೀಲಿಗಳನ್ನು ಆ ಗೆರೆಗಳಾಗಿ ಪರಿವರ್ತಿಸುವ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ನಡೆಯುತ್ತಿದ್ದಿತು. ಇನ್ನು ಹೊಸದಾಗಿ ಯೂನಿಕೋಡಿನಲ್ಲಿಯೇ ಬರೆಯೋಣವೆಂದರೆ, ಕೆ. ಪಿ. ರಾವ್ ಅವರು ರೂಪಿಸಿದ, ನಮ್ಮವರ ಬೆರಳಿಗೆ ಒಗ್ಗಿದ್ದ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲಿಯೂ ಇದ್ದಿತು, ನಿಜ. ಆದರೆ ಅದನ್ನು ಹೊಂದುವುದಕ್ಕೆ ಮೊದಲು ಒಂದು ಕಟ್ಟನ್ನು ಇಳಿಸಿಕೊಂಡು, ಬೇರೊಂದು ಕಡೆ ಭಾಷೆಯನ್ನು ಆರಿಸಿ, ಇನ್ನೂ ಬೇರೊಂದು ಕಡೆ ಇನ್‌ಪುಟ್ ವಿಧಾನವನ್ನು ಸೂಚಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರಬೇಕಾಗಿದ್ದಿತು. ಇಷ್ಟನ್ನೂ ಮಾಡಿದ ಮೇಲೆ ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ತನ್ನ ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಿತು, ಅರ್ಕಾವೊತ್ತು ತನಗೆ ತೋರಿದ ಸ್ಥಳಕ್ಕೆ ಹೋಗುತ್ತಿದ್ದಿತು. ಮೆನುಗಳನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಬಹುದಾಗಿದ್ದಿತಾದರೂ ಅರ್ಧ ಕನ್ನಡ, ಅರ್ಧ ಇಂಗ್ಲಿಷಾಗಿ ನಿಂತ ಆ ಪರದೆಯಲ್ಲಿ ಅಂಗಡಿಯವರಿಂದ ಕಲಿತಿದ್ದ ಯಾವ ಗುರುತೂ ಸಿಕ್ಕದೆ, ಕನ್ನಡಾಭಿಮಾನಿಗಳಾದ ಕಾರ್ಯದರ್ಶಿಗಳೇ ಅದನ್ನು ಇಂಗ್ಲಿಷಿಗೆ ಹಿಂದಿರುಗಿಸಲು ಹೇಳಿದರು.

ನಮ್ಮ ಬೀದಿಯ ಕೊನೆಯಲ್ಲಿ ಡಿಟಿಪಿ ಅಂಗಡಿಯನ್ನಿಟ್ಟುಕೊಂಡಿದ್ದ ಸಜ್ಜನರೊಬ್ಬರು ವಾಚನಾಲಯದ ಕಾಯಂ ಓದುಗರು. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಆಹ್ವಾನ, ಗಣೇಶೋತ್ಸವದ ಕರಪತ್ರ ಇವು ಅವರ ಜೀವನೋಪಾಯ. ಪೇಜ್‌ಮೇಕರ್ ಅವರ ಆಯುಧ. ನಮ್ಮ ಪ್ರಯೋಗವನ್ನು ಅವರು ಕುತೂಹಲದಿಂದ ನೋಡುತ್ತಿದ್ದರು. ತಮ್ಮ ಅಂಗಡಿಯಲ್ಲಿಯೂ ಅದನ್ನು ಹಾಕಿಸಿಕೊಳ್ಳಬಾರದೇಕೆ ಎಂದು ಹುಡುಗನು ಅವರನ್ನು ಪುಸಲಾಯಿಸಿದಾಗ ಅವರು ನಕ್ಕು, "ಅಪ್ಪಾ, ನಾಳೆ ಬೆಳಿಗ್ಗೆ ಐನೂರು ಲಗ್ನಪತ್ರಿಕೆ ಕೊಡ್ಬೇಕು. ಮುಹೂರ್ತ ನನಗೋಸ್ಕರ ಕಾಯೋದಿಲ್ಲ" ಎಂದರು. ಅವರು ಹೇಳಿದುದು ಆಲಸ್ಯದ ಮಾತಾಗಿರಲಿಲ್ಲ. ಪೇಜ್‌ಮೇಕರಿನ ಸ್ಥಾನದಲ್ಲಿ ಲಿನಕ್ಸಿನವರು ತೋರಿಸುತ್ತಿದ್ದ ಸ್ಕ್ರೈಬಸ್ ಎಂಬ ತಂತ್ರಾಂಶ ಭಾರತೀಯ ಲಿಪಿಗಳ ಸಂಯುಕ್ತಾಕ್ಷರಗಳನ್ನು ಜೋಡಿಸಲು ಕಲಿತದ್ದು ೨೦೧೭ರ ೧.೫.೩ನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಒಬ್ಬ ಕನ್ನಡ ಡಿಟಿಪಿಯವನಿಗೆ ಲಿನಕ್ಸಿಗೆ ಬಾ ಎಂದು ಹೇಳುವುದು ಅನ್ನವನ್ನು ಬಿಡು ಎಂದು ಹೇಳಿದಂತೆಯೇ ಇದ್ದಿತು. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

ಮುದ್ರಣಯಂತ್ರದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಮ್ಮಲ್ಲಿದ್ದುದು ಅಗ್ಗದ ಲೇಸರ್ ಪ್ರಿಂಟರು. ತನ್ನ ಬುದ್ಧಿಯ ಬಹುಭಾಗವನ್ನು ಕಂಪ್ಯೂಟರಿನಲ್ಲಿ ಬಿಟ್ಟು ಬಂದ ಜಾತಿಯದು. ಅಂಥದಕ್ಕೆ ತಯಾರಕರೇ ಕೊಟ್ಟ ಡ್ರೈವರ್ ಇಲ್ಲದೆ ಒಂದು ಗೆರೆಯೂ ಮೂಡುವುದಿಲ್ಲ, ಆ ಡ್ರೈವರು ಲಿನಕ್ಸಿನಲ್ಲಿ ಎದ್ದು ನಿಲ್ಲುವ ದಿನ ನಿಲ್ಲುತ್ತಿದ್ದಿತು, ಇಲ್ಲದ ದಿನ ಇಲ್ಲ. ಮುಕ್ತ ಆಕರ ತಂತ್ರಾಂಶದ ಪ್ರಮುಖ ಪ್ರತಿಪಾದಕರಾದ ಎರಿಕ್ ರೇಮಂಡ್ ಅವರೇ ೨೦೦೪ರಲ್ಲಿ ಒಂದು ಪ್ರಿಂಟರನ್ನು ಲಿನಕ್ಸಿಗೆ ಜೋಡಿಸಲು ಹೋಗಿ ಪಟ್ಟ ಪಾಡನ್ನು ಬರೆದು, ತಮ್ಮ ಬಳಗದವರನ್ನು ತೀಕ್ಷ್ಣವಾಗಿ ಟೀಕಿಸಿದ್ದರೆಂಬುದನ್ನು ಅನಂತರ ಓದಿ ನನಗೆ ಸಮಾಧಾನವಾಯಿತು. ನಮ್ಮ ಗುಮಾಸ್ತೆ ಬರೆದ ಪತ್ರಗಳನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡು ಜೆರಾಕ್ಸ್ ಅಂಗಡಿಗೆ ಹೋಗಿ ಅಚ್ಚು ತೆಗೆಸಿಕೊಂಡು ಬರುತ್ತಿದ್ದಳು.

ಇದರಿಂದ ಒಂದು ಅನಿರೀಕ್ಷಿತ ಪರಿಣಾಮ ಉಂಟಾಯಿತು. ಅಂಗಡಿಯಿಂದ ಹಿಂದಿರುಗಿದ ಪೆನ್‌ಡ್ರೈವನ್ನು ನಮ್ಮ ಯಂತ್ರಕ್ಕೆ ಸಿಕ್ಕಿಸಿದಾಗಲೆಲ್ಲ ಆಕೆ ಇಡದೆ ಇದ್ದ ಕಡತಗಳು ಅದರಲ್ಲಿ ಕಾಣುತ್ತಿದ್ದುವು: ಆಟೋರನ್ ಎಂಬ ಒಂದು, ನ್ಯೂ ಫೋಲ್ಡರ್ ಎಂಬ ಹೆಸರಿಗೆ ಇ-ಎಕ್ಸ್-ಇ ಎಂಬ ಬಾಲವಿದ್ದ ಇನ್ನೊಂದು. ವಿಂಡೋಸಿನಲ್ಲಿ ಇವು ಕಣ್ಣಿಗೆ ಬೀಳದಂತೆ ಅಡಗಿರುತ್ತಿದ್ದುವು, ಇಲ್ಲವೆ ಸಾಧುವಾದ ಫೋಲ್ಡರಿನ ವೇಷದಲ್ಲಿರುತ್ತಿದ್ದುವು. ಲಿನಕ್ಸಿನಲ್ಲಿ ಅಡಗಿಸುವ ಕ್ರಮವೇ ಬೇರೆಯಾದುದರಿಂದ ನಗ್ನವಾಗಿ ಕಾಣುತ್ತಿದ್ದುವು, ಅಲ್ಲದೆ ಏನನ್ನೂ ಮಾಡಲಾರದೆ ಸುಮ್ಮನೆ ಬಿದ್ದಿರುತ್ತಿದ್ದುವು. ಆದರೆ ಆಕೆಯ ತರ್ಕ ಬೇರೆ ರೀತಿಯಾಗಿ ಹರಿಯಿತು. "ಮೊದಲು ಹೀಗೆ ಏನೂ ಕಾಣ್ತಿರಲಿಲ್ಲ ಸಾರ್. ಈ ಲಿನಕ್ಸ್ ಬಂದ ಮೇಲೇ ಪೆನ್‌ಡ್ರೈವ್‌ನಲ್ಲಿ ಕಸ ತುಂಬ್ತಿದೆ" ಎಂದಳು. ರೋಗವನ್ನು ಮುಚ್ಚಿಡುತ್ತಿದ್ದ ವ್ಯವಸ್ಥೆ ಆರೋಗ್ಯವಾಗಿಯೂ, ರೋಗವನ್ನು ತೋರಿಸಿ ಅದರಿಂದ ಬಾಧೆಪಡದ ವ್ಯವಸ್ಥೆ ರೋಗಕ್ಕೆ ಕಾರಣವಾಗಿಯೂ ತೋರಿದುದನ್ನು ನೋಡಿ ನಾನು ಬೆರಗಾದೆನು. ಹೊಸದರ ಮೇಲೆ ಬೀಳುವ ಅಪವಾದಗಳಲ್ಲಿ ಎಷ್ಟೋ ಈ ಬಗೆಯವು.

ಇಷ್ಟೆಲ್ಲ ಇದ್ದರೂ ಜನ ಕಲಿತರು. ಆ ಹೆಣ್ಣುಮಗಳು ಒಂದು ರೂಲು ಹಾಕಿದ ನೋಟ್‌ಪುಸ್ತಕವನ್ನು ತಂದಿಟ್ಟುಕೊಂಡು, ಪ್ರತಿಯೊಂದು ಕೆಲಸಕ್ಕೂ ಒಂದು ಪುಟದಂತೆ ಬರೆಯತೊಡಗಿದಳು. ಪುಟದ ತಲೆಯಲ್ಲಿ ಕೆಲಸದ ಹೆಸರು. ಕೆಳಗೆ ಸ್ಕೇಲಿಟ್ಟು ಎಳೆದ ಪರದೆಯ ಚಿತ್ರ. ಎಡತುದಿಯ ಮೂರು ಮೆನುಗಳಲ್ಲಿ ಯಾವುದನ್ನು ಒತ್ತಬೇಕೋ ಅದಕ್ಕೆ ಕೆಂಪು ಶಾಯಿಯ ಬಾಣ, ಅದರ ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ. ಪೆನ್‌ಡ್ರೈವನ್ನು ಕೀಳುವ ಮೊದಲು ಬಲಗುಂಡಿ ಒತ್ತಿ ಬಿಡಿಸಿಕೊಳ್ಳಬೇಕೆಂಬುದಕ್ಕೆ ಒಂದು ಪುಟ, ಕನ್ನಡಕ್ಕೂ ಇಂಗ್ಲಿಷಿಗೂ ತಿರುಗುವ ಕೀಲಿಗಳಿಗೆ ಒಂದು ಪುಟ. ಲಿನಕ್ಸಿನ ವಿಷಯದಲ್ಲಿ ನಾನು ಕಂಡ ಕೈಪಿಡಿಗಳಲ್ಲಿ ಅಷ್ಟು ಸ್ಫುಟವಾದುದು ಇನ್ನೊಂದಿಲ್ಲ. ಎರಡು ವರ್ಷಗಳಲ್ಲಿ ಆಕೆಗೆ ಪುಸ್ತಕವನ್ನು ತೆರೆಯುವ ಅಗತ್ಯವೇ ವಿರಳವಾಯಿತು. ಹೊಸದಾಗಿ ಬರುವ ಓದುಗರಿಗೆ ಆಕೆಯೇ ಅದನ್ನು ತೋರಿಸಿ ಕಲಿಸತೊಡಗಿದಳು.

ಅಷ್ಟರಲ್ಲಿ ಪರದೆ ಬದಲಾಯಿತು. ಉಬುಂಟುವಿನ ೨೦೧೦ರ ಏಪ್ರಿಲ್ಲಿನ ಆವೃತ್ತಿಯಲ್ಲಿ ಕಿಟಕಿಯನ್ನು ಮುಚ್ಚುವ, ಕುಗ್ಗಿಸುವ, ಹಿಗ್ಗಿಸುವ ಗುಂಡಿಗಳು ಬಲಗಡೆಯಿಂದ ಎಡಗಡೆಗೆ ಹೋದುವು. ೨೦೧೧ರ ಏಪ್ರಿಲ್ಲಿನಲ್ಲಿ, ಅದುವರೆಗೆ ನಾವು ಬಳಸುತ್ತಿದ್ದ ಗ್ನೋಮ್ ಎಂಬ ಪರದೆಯ ಹೊಸ ಆವೃತ್ತಿಯಾದ ಗ್ನೋಮ್ ೩ ಹೊರಬಂದಿತು, ಉಬುಂಟುವಿನಲ್ಲಿ ಯೂನಿಟಿ ಎಂಬ ಹೊಸ ಪರದೆ ನೆಲೆಗೊಂಡಿತು. ನಮ್ಮ ಯಂತ್ರಗಳಿಗೆ ಅದು ಮರುವರ್ಷ ಬಂದಿತು. ಮೂರು ಮೆನುಗಳು ಮಾಯವಾಗಿ ಎಡಗಡೆ ದೊಡ್ಡ ದೊಡ್ಡ ಚಿತ್ರಗಳ ಒಂದು ಕಂಬ ನಿಂತಿತು. ಬೇಕಾದ ತಂತ್ರಾಂಶದ ಹೆಸರನ್ನು ಹೊಡೆದು ಹುಡುಕಬೇಕಾಯಿತು. ಕಿಟಕಿಯ ಮೆನುಗಳು ಪರದೆಯ ನೆತ್ತಿಗೆ ಹೋಗಿ, ಮೌಸನ್ನು ಅಲ್ಲಿಗೆ ಒಯ್ದ ಹೊರತು ಕಾಣಿಸದಾದುವು. ಹೀಗೆ ಮಾಡಿದವರಿಗೆ ಕಾರಣಗಳಿದ್ದುವು. ಪುಟ್ಟ ಪರದೆಯ ಲ್ಯಾಪ್‌ಟಾಪುಗಳು ಬಂದಿದ್ದುವು, ಮುಟ್ಟಿ ನಡೆಯಿಸುವ ಯಂತ್ರಗಳು ಬರುತ್ತಿದ್ದುವು. ಆದರೆ ಕೆಂಪು ಬಾಣಗಳ ಆ ನೋಟ್‌ಪುಸ್ತಕ ಒಂದೇ ದಿನದಲ್ಲಿ ರದ್ದಿಯಾಯಿತು. ಬಾಡಿಗೆಯ ಮನೆ ಬದಲಾಯಿಸಿದವನ ಕೈ ಕತ್ತಲೆಯಲ್ಲಿ ಹಳೆಯ ಮನೆಯ ಗೋಡೆಯ ಲೆಕ್ಕದಲ್ಲಿ ಸ್ವಿಚ್ಚನ್ನು ತಡಕುವಂತೆ ಆಕೆಯ ಮೌಸು ಇಲ್ಲದ ಮೆನುಗಳ ಕಡೆಗೆ ಹೋಗಿ ಹೋಗಿ ನಿಲ್ಲುತ್ತಿದ್ದುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಆಕೆ ದೂರಲಿಲ್ಲ. "ಮತ್ತೆ ಬದಲಾಯಿಸೋದಿಲ್ಲ ತಾನೇ ಸಾರ್?" ಎಂದಷ್ಟೇ ಕೇಳಿದಳು. ಹಳೆಯದನ್ನು ಬಿಡಲೊಲ್ಲದ ಜನ ಲೋಕದಲ್ಲಿ ಬಹಳ ಇದ್ದರು. ಗ್ನೋಮ್ ೨ರ ಪರದೆಯನ್ನು ಅವರು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದರು. ನಾವು ಅದನ್ನು ಹಾಕಿಸಿದೆವು. ನೋಟ್‌ಪುಸ್ತಕ ಮತ್ತೆ ಬೀರುವಿನಿಂದ ಹೊರಬಂದಿತು.

ಇವೆಲ್ಲವನ್ನೂ ಈಗ ಹಿಂದಿರುಗಿ ನೋಡಿ ವಿಚಾರ ಮಾಡಿದಾಗ ನನಗೆ ತೋರುವ ಸಂಗತಿ ಇದು. ಲಿನಕ್ಸ್ ಕಠಿನ, ವಿಂಡೋಸ್ ಸುಲಭ ಎಂದು ಹೇಳುವವರು ಪರದೆಯನ್ನು ಮಾತ್ರ ನೋಡಿ ಹೇಳುತ್ತಾರೆ. ವಿಂಡೋಸ್ ತಾನಾಗಿ ಸುಲಭವಾಗಿರಲಿಲ್ಲ. ಯಂತ್ರವನ್ನು ನಿಲ್ಲಿಸುವುದಕ್ಕೆ ಸ್ಟಾರ್ಟ್ ಎಂಬ ಗುಂಡಿಯನ್ನು ಒತ್ತಬೇಕೆಂಬುದು ಯಾರ ಸಹಜಬುದ್ಧಿಗೂ ಹೊಳೆಯತಕ್ಕದ್ದಲ್ಲ. ಆದರೆ ಅದನ್ನು ಬಲ್ಲವರು ಬೀದಿಬೀದಿಯಲ್ಲಿದ್ದರು. ರಿಪೇರಿಯ ಅಂಗಡಿಯವನು, ಪಕ್ಕದ ಮನೆಯ ಹುಡುಗ, ಬ್ಯಾಂಕಿನಲ್ಲಿ ಕೆಲಸ ಮಾಡುವ ಷಡ್ಡಕ, ಯಾರನ್ನು ಕೇಳಿದರೂ ಒಂದು ಉತ್ತರ ದೊರೆಯುತ್ತಿದ್ದಿತು. ಲಿನಕ್ಸಿಗೆ ಬಂದವನು ಕಳೆದುಕೊಂಡುದು ಡಿ ಡ್ರೈವನ್ನಲ್ಲ, ಕೇಳತಕ್ಕ ನೆರೆಹೊರೆಯನ್ನು. ಮಕ್ಕಳಲ್ಲಿ ಇದು ವಿಶದವಾಗಿ ಕಂಡಿತು. ಟಕ್ಸ್ ಪೇಂಟ್‌ನಲ್ಲಿ ಚಿತ್ರ ಬರೆಯಲು, ಜಿಕಾಂಪ್ರಿಯಲ್ಲಿ ಲೆಕ್ಕದ ಆಟವಾಡಲು ಬರುತ್ತಿದ್ದ ಮಕ್ಕಳಿಗೆ ಒಂದು ದಿನವೂ ಲಿನಕ್ಸ್ ಕಷ್ಟವೆನಿಸಲಿಲ್ಲ. ಅವರಿಗೆ ಹಿಂದಿನ ಅಭ್ಯಾಸವಿರಲಿಲ್ಲ, ತಿಳಿಯದುದನ್ನು ಪಕ್ಕದ ಕುರ್ಚಿಯ ಮಗು ಹೇಳಿಕೊಡುತ್ತಿದ್ದಿತು.

ಹಾಗೆಂದು ಕಟ್ಟುವವರ ಹೊಣೆ ತಪ್ಪುವುದಿಲ್ಲ. ಅವರಲ್ಲಿ ವಿವೇಕಿಗಳು ಇದನ್ನು ಮೊದಲೇ ಅರಿತಿದ್ದರು. ೨೦೦೧ರಲ್ಲಿ ಸನ್ ಕಂಪನಿಯವರು ಸಾಮಾನ್ಯ ಬಳಕೆದಾರರನ್ನು ಗ್ನೋಮಿನ ಮುಂದೆ ಕೂರಿಸಿ ಅವರು ಎಲ್ಲೆಲ್ಲಿ ಎಡವುತ್ತಾರೆಂದು ಪರೀಕ್ಷೆ ಮಾಡಿ ವರದಿಯನ್ನು ಪ್ರಕಟಿಸಿದರು. ಪರದೆ ಹೇಗಿರಬೇಕು, ಗುಂಡಿಯ ಮೇಲೆ ಏನು ಬರೆಯಬೇಕು, ಆಯ್ಕೆಗಳು ಎಷ್ಟಿರಬೇಕು ಎಂಬುದಕ್ಕೆ ಗ್ನೋಮಿನವರು ೨೦೦೨ರಲ್ಲಿ ನಿಯಮಾವಳಿಯನ್ನೇ ಹೊರತಂದರು. ನಮ್ಮ ಗುಮಾಸ್ತೆ ಅಷ್ಟು ಬೇಗ ಕಲಿತದ್ದು ಆ ಶ್ರಮದ ಫಲವಾದ ಪರದೆಯಲ್ಲಿ. ಕಲಿಸಿದುದನ್ನು ಕೆಡಿಸದೆ ಉಳಿಸಿಕೊಳ್ಳುವುದೂ ಸೌಲಭ್ಯದ ಒಂದು ಅಂಗವೆಂಬುದನ್ನು ಮಾತ್ರ ಆ ಲೋಕ ತಡವಾಗಿ ಕಲಿಯಿತು.

ಇಂದು ಸ್ಥಿತಿ ಬಹಳ ಸುಧಾರಿಸಿದೆ. ಯೂನಿಕೋಡ್ ಕನ್ನಡ ಎಲ್ಲ ಕಡೆಯೂ ಸರಿಯಾಗಿ ಮೂಡುತ್ತದೆ. ಒಳ್ಳೆಯ ಫಾಂಟುಗಳು ಜೊತೆಯಲ್ಲಿಯೇ ಬರುತ್ತವೆ. ಈಚಿನ ಪ್ರಿಂಟರುಗಳಲ್ಲಿ ಎಷ್ಟೋ ಡ್ರೈವರನ್ನೇ ಕೇಳದೆ ಕೆಲಸ ಮಾಡುತ್ತವೆ. ಜನರ ಕೆಲಸದ ಬಹುಭಾಗ ಬ್ರೌಸರಿನೊಳಗೆ ನಡೆಯುತ್ತಿರುವುದರಿಂದ ಅದರ ಕೆಳಗೆ ಯಾವ ವ್ಯವಸ್ಥೆಯಿದೆಯೆಂಬುದು ಅನೇಕರಿಗೆ ಗೊತ್ತೇ ಆಗುವುದಿಲ್ಲ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ನಿಂತುಹೋಯಿತು. ಅದರ ಮುಂದಿನ ಆವೃತ್ತಿಗೆ ಏರಲಾರದ, ಆದರೆ ಇನ್ನೂ ಗಟ್ಟಿಯಾಗಿರುವ ಯಂತ್ರಗಳು ಮನೆಮನೆಗಳಲ್ಲಿ ಉಳಿದಿವೆ. ಅವುಗಳಿಗೆ ಲಿನಕ್ಸನ್ನು ಹಾಕಿಕೊಡುವುದಕ್ಕೆ ಉತ್ಸಾಹಿಗಳಾದ ತರುಣರು ಈಗ ಮತ್ತೆ ಹೊರಟಿದ್ದಾರೆ. ಅವರ ಉತ್ಸಾಹಕ್ಕೆ ನನ್ನ ಪೂರ್ಣವಾದ ಸಮ್ಮತಿಯುಂಟು.

ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಹಾಕುವುದಕ್ಕೆ ಮೊದಲು ಆ ಮನೆಯವರು ದಿನವೂ ಮಾಡುವ ಕೆಲಸ ಯಾವುದೆಂದು ಕೇಳಿರಿ. ಅವರ ಹಳೆಯ ನುಡಿಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಅವರ ಪ್ರಿಂಟರಿನಲ್ಲಿ ಒಂದು ಹಾಳೆಯನ್ನು ತೆಗೆದು, ಅವರ ಕೀಲಿಮಣೆಯಲ್ಲಿ ಒಂದು ವಾಕ್ಯವನ್ನು ಅವರಿಂದಲೇ ಬರೆಯಿಸಿ ನೋಡಿರಿ. ಟ್ಯಾಲಿಯನ್ನೋ ಪೇಜ್‌ಮೇಕರನ್ನೋ ನಂಬಿ ಬದುಕುವವರನ್ನು ಅವರ ಪಾಡಿಗೆ ಬಿಟ್ಟುಬಿಡಿರಿ. ಒಮ್ಮೆ ಕಲಿತ ಪರದೆಯನ್ನು, ನಿಮಗೆ ಎಷ್ಟೇ ಚೆಂದದ ಹೊಸದು ಸಿಕ್ಕಿದರೂ, ಬದಲಾಯಿಸಬೇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಹಾಕಿಕೊಟ್ಟ ಮರುವಾರ ಮತ್ತೆ ಅವರ ಮನೆಗೆ ಹೋಗಿ ಒಂದು ಗಂಟೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅಷ್ಟು ಬಿಡುವು ಇಲ್ಲದಿದ್ದರೆ ಹಾಕಿಕೊಡಲೇಬೇಡಿರಿ.